ದುಡ್ಡು ಸೌಂಡ್ ಕಾರ್ಡಿಗೆ, ಕೆಲಸ ಮದರ್‌ಬೋರ್ಡಿಗೆ: ಒಂದು ದೂರು

ಇವರಿಗೆ,
ವ್ಯವಸ್ಥಾಪಕರು,
ಕಂಪ್ಯೂಟರ್ ಮಾರಾಟ ಮತ್ತು ಸರ್ವಿಸ್ ವಿಭಾಗ,
ಮೈಸೂರು

ವಿಷಯ: ಫೆಬ್ರವರಿ 2ರಂದು ಕೊಂಡ ಸೌಂಡ್ ಕಾರ್ಡನ್ನು ಜೋಡಿಸಿಯೂ ಬಳಕೆಗೆ ತಾರದೆ ಬಿಟ್ಟದ್ದು ಮತ್ತು ನಿಮ್ಮ ಕೌಂಟರಿನಲ್ಲಿ ಆದ ಅವಮಾನ.

ಮಾನ್ಯರೇ,

ಮೂರು ಸಲ ಫೋನ್ ಮಾಡಿದೆ. ಮೊದಲ ಸಲ, ಟೆಕ್ನಿಷಿಯನ್ ಊಟಕ್ಕೆ ಹೋಗಿದಾರೆ ಅಂದರು. ಎರಡನೇ ಸಲ, ಊರಿಗೆ ಹೋಗಿದಾರೆ ಅಂದರು. ಮೂರನೇ ಸಲ ಯಾರೂ ಎತ್ತಲೇ ಇಲ್ಲ. ಫೋನ್ ಎತ್ತುವವರೂ ಊರಿಗೆ ಹೋಗಿರಬೇಕು. ಅದಕ್ಕೇ ಈ ಪತ್ರ, ಸ್ಪೀಡ್ ಪೋಸ್ಟಿನಲ್ಲಿ.

ನಾನು ರಿಟೈರ್ ಆದ ಮೇಷ್ಟ್ರು. ಮನೆಯಲ್ಲಿ 40 ಕ್ಯಾಸೆಟ್‌ಗಳಿವೆ. ಅಂಗಡಿಯಿಂದ ತಂದ ಹಾಡುಗಳಲ್ಲ, ಮನೆಯಲ್ಲೇ ರೆಕಾರ್ಡ್ ಮಾಡಿದವು. ನಮ್ಮವ್ವ ಹಾಡಿದ ಸೋಬಾನೆ ಪದಗಳು, ಅಕ್ಕನ ಮದುವೆಯ ಗದ್ದಲ, ಅಪ್ಪ ಯಾರಿಗೋ ಬೈಯುತ್ತಿರುವುದು. ಇವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕಿತ್ತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಅಗ್ಗ ಸಿಗುತ್ತೆ ಅಂತ ಎಲ್ಲರೂ ಹೇಳಿದರು. ನಮ್ಮೂರಿನ ಅಂಗಡಿಯಾದರೆ ನಾಳೆ ಏನಾದರೂ ಆದಾಗ ಹೋಗಿ ಕೇಳಬಹುದು ಅಂತ ನಿಮ್ಮಲ್ಲಿಗೆ ಬಂದೆ. ಕೇಳಲು ಬಂದಾಗ ಏನಾಯಿತು ಅನ್ನುವುದನ್ನು ಮುಂದೆ ಬರೆಯುತ್ತೇನೆ.

ಮೊದಲ ದಿನ ನಾನು ಕೇಳಿದ್ದು ಒಂದೇ ಪ್ರಶ್ನೆ. ಕಂಪ್ಯೂಟರಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿನಲ್ಲಿರುವ ಆಡಿಯೋ ಸಾಕಾ, ದನಿಗೆಂದೇ ಕೂರಿಸುವ ಬೇರೆ ಸೌಂಡ್ ಕಾರ್ಡ್ ಬೇಕಾ? ಸುಮ್ನೆ ಕೇಳಿದ್ದಲ್ಲ, ಓದಿಕೊಂಡೇ ಬಂದಿದ್ದೆ. 1989ರಲ್ಲಿ ಸೌಂಡ್ ಬ್ಲಾಸ್ಟರ್ ಅನ್ನುವ ಸೌಂಡ್ ಕಾರ್ಡ್ ಬಂದ ಕಾಲಕ್ಕೆ ಕಾರ್ಡ್ ಇಲ್ಲದ ಪಿಸಿ ಬೀಪ್ ಅನ್ನುವುದು ಬಿಟ್ಟು ಹೆಚ್ಚೇನೂ ಹಾಡುತ್ತಿರಲಿಲ್ಲ. 1997ರಲ್ಲಿ ಇಂಟೆಲ್‌ನವರು ಎಸಿ97 ಅನ್ನುವ, ಬೋರ್ಡಿನಲ್ಲೇ ದನಿ ಕೂರಿಸುವ ಕ್ರಮ ತಂದರು, 2004ರಲ್ಲಿ ಅದರ ಮುಂದಿನದಾದ ಎಚ್‌ಡಿ ಆಡಿಯೋ ತಂದರು. ಈಗ ಹಾಡು, ಸಿನಿಮಾ, ಮೊಮ್ಮಕ್ಕಳ ವಿಡಿಯೋ ಕಾಲ್ ಎಲ್ಲಕ್ಕೂ ಬೋರ್ಡಿನ ಮೇಲಿನ ಪುಟ್ಟ ಚಿಪ್ಪೇ ಸಾಕು. ಅದಕ್ಕೆ ನಿಮ್ಮ ಕೌಂಟರಿನವರು ಕೊಟ್ಟ ಉತ್ತರ ನನಗೆ ಹಿಡಿಸಿತ್ತು. "ಕೇಳೋಕಾದ್ರೆ ಸಾಕು ಅಂಕಲ್. ರೆಕಾರ್ಡಿಂಗ್ ಅಂದ್ರೆ ಬೇರೆ. ಬೋರ್ಡಲ್ಲಿ ಪ್ರೊಸೆಸರು, ಯುಎಸ್‌ಬಿ, ಫ್ಯಾನು ಎಲ್ಲದರ ಕರೆಂಟೂ ಪಕ್ಕಪಕ್ಕದಲ್ಲೇ ಓಡಾಡ್ತಿರುತ್ತೆ. ಆ ಗಲಾಟೆ ಸೌಂಡ್ ಒಳಗೆ ನುಸುಳುತ್ತೆ. ನಿಮಗೆ ಕಾರ್ಡ್ ಬೇಕೇ ಬೇಕು." ನ್ಯಾಯವಾದ ಮಾತು. 3,650 ರೂಪಾಯಿ ಎಣಿಸಿ ಕೊಟ್ಟೆ. ಕ್ಯಾಬಿನೆಟ್ ಹೊರಗೇ ಇಟ್ಟು ಯುಎಸ್‌ಬಿಗೆ ಚುಚ್ಚುವ ಸೌಂಡ್ ಡಬ್ಬಿಗಳೂ ಸಿಗುತ್ತವೆ, ಒಳಗಿನ ಗಲಾಟೆಯಿಂದ ಅವು ಇನ್ನೂ ದೂರ ಇರುತ್ತವೆ ಅನ್ನುವುದನ್ನು ಮಾತ್ರ ಅವರು ಹೇಳಲಿಲ್ಲ. ಅದು ನಿಮ್ಮ ಅಂಗಡಿಯಲ್ಲಿ ಇರಲಿಲ್ಲವೇನೋ.

ನಿಮ್ಮ ಹುಡುಗ ಮನೆಗೆ ಬಂದ. ಕಾರ್ಡ್ ಕೂರಿಸಿದ, ಟೇಪ್ ಡೆಕ್ಕಿನ ವೈರ್ ಚುಚ್ಚಿದ, "ಎಲ್ಲಾ ಓಕೆ ಅಂಕಲ್" ಅಂದ. ನಾನು ದಿನಕ್ಕೊಂದರಂತೆ 14 ಕ್ಯಾಸೆಟ್ ಏರಿಸಿದೆ. ರಾತ್ರಿ ಹೊತ್ತು, ಮನೆಯವರು ಮಲಗಿದ ಮೇಲೆ, ಸ್ಪೀಕರ್ ಆಫ್ ಮಾಡಿಕೊಂಡು. ಹದಿನಾಲ್ಕು ಮುಗಿದ ಮೇಲೆ ಹೆಡ್‌ಫೋನ್ ಹಾಕಿ ಕೇಳಿದರೆ ಅವ್ವನ ದನಿಯ ಹಿಂದೆ ಜೀರುಂಡೆ. ಚಿರ್, ಚಿರ್ ಅಂತ. ರೆಕಾರ್ಡ್ ಆಗುವಾಗ ನಾನು ಮೌಸ್ ಆಡಿಸಿದಾಗೆಲ್ಲ ಅದು ಜಾಸ್ತಿಯಾಗಿದೆ.

ಫೆಬ್ರವರಿ 21ರ ಸಂಜೆ ಪೆನ್ ಡ್ರೈವ್ ಹಿಡಿದು ನಿಮ್ಮ ಅಂಗಡಿಗೆ ಬಂದೆ. ಕಾರ್ಡ್ ಮಾರಿದವರೇ ಕೌಂಟರಿನಲ್ಲಿದ್ದರು. ಎಡಗೈಯಲ್ಲಿ ಚುರುಮುರಿ ಪೊಟ್ಟಣ. ಬಲಗೈ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಪೆನ್ ಡ್ರೈವ್ ತೆಗೆದುಕೊಂಡರು. ಅಂಗಡಿಯ ಸ್ಪೀಕರಿಗೆ ಹಾಕಿದರು. ಹೊರಗೆ ಬಸ್ಸಿನ ಹಾರ್ನ್, ಮೇಲೆ ಫ್ಯಾನ್. ಹತ್ತು ಸೆಕೆಂಡ್ ಕೇಳಿ "ಸೂಪರ್ ಆಗಿದೆಯಲ್ಲ ಅಂಕಲ್" ಅಂದರು. ಹೆಡ್‌ಫೋನಿನಲ್ಲಿ ಕೇಳಿ ಅಂದೆ. ಮಾರಾಟದ ಹೆಡ್‌ಫೋನ್ ಬಿಚ್ಚೋಕಾಗಲ್ಲ ಅಂದರು. ನನ್ನದನ್ನೇ ಚೀಲದಿಂದ ತೆಗೆದು ಕೊಟ್ಟೆ. ಒಂದು ಕಿವಿಗೆ ಮಾತ್ರ ಒತ್ತಿಕೊಂಡರು. ಇನ್ನೊಂದು ಕಿವಿ ಚುರುಮುರಿಗೆ ಬೇಕಾಗಿತ್ತೋ ಏನೋ. ಆಮೇಲೆ ಕೇಳಿದರು: "ಅಂಕಲ್, ಕಿವಿ ಟೆಸ್ಟ್ ಮಾಡ್ಸಿದೀರಾ? ನಿಮ್ಮ ವಯಸ್ಸಿಗೆ ಕಿವಿಯಲ್ಲಿ ಗುಂಯ್ ಅನ್ನೋದು ಕಾಮನ್ನು."

ಪಕ್ಕದಲ್ಲಿ ಕೀಬೋರ್ಡ್ ನೋಡುತ್ತಿದ್ದ ಇಬ್ಬರು ಹುಡುಗರು ನಕ್ಕರು. ಅವರಲ್ಲಿ ಒಬ್ಬ ನನ್ನ ಶಿಷ್ಯನೇ ಇರಬಹುದು, ಮುಖ ತಿರುಗಿಸಿಕೊಂಡ.

ಗುಂಯ್ ಅಲ್ಲ, ಚಿರ್ ಅಂದೆ. ಕಿವಿಯೊಳಗಲ್ಲ, ಫೈಲಿನೊಳಗೆ ಅಂದೆ. ಆಗ ಅವರು ಹೇಳಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ: "ಈಗಿನ ಮದರ್‌ಬೋರ್ಡಲ್ಲೇ ಒಳ್ಳೆ ಸೌಂಡ್ ಬರುತ್ತೆ ಅಂಕಲ್. ನಿಮಗ್ಯಾಕೆ ಬೇಕಿತ್ತು ಈ ಕಾರ್ಡು?"

ಹಾಗಾದರೆ ವಾಪಸ್ ತಗೊಳ್ಳಿ ಅಂದೆ. ಬಿಲ್ಲಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. "ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯಲಾಗುವುದಿಲ್ಲ." ಆ ಸಾಲಿನ ಮೇಲೆ ಒಗ್ಗರಣೆ ಎಣ್ಣೆಯ ಬೆರಳಚ್ಚು ಇನ್ನೂ ಇದೆ, ನಕಲಿನಲ್ಲೂ ಕಾಣುತ್ತದೆ. ಅದೇ ಬಿಲ್ಲಿನ ಹಿಂದೆ "ಮನೆಗೇ ಬಂದು ಸರ್ವಿಸ್, 1 ವರ್ಷ, ದೂರು ಕೊಟ್ಟ 48 ಗಂಟೆಯೊಳಗೆ" ಅಂತಲೂ ಅಚ್ಚಾಗಿದೆ. ನಿಮ್ಮ ನಿಯಮ ನಿಮಗೆ ಗೊತ್ತಿರುತ್ತದೆ ಅಂದುಕೊಂಡಿದ್ದೇನೆ. ಬಿಲ್ಲಿನ ಎರಡೂ ಬದಿ ಓದುವ ಅಭ್ಯಾಸ ಇದ್ದರೆ.

ಮುಂದಿನ ಭಾನುವಾರ ಅಕ್ಕನ ಮಗ ಬಂದಿದ್ದ. ಟೇಬಲ್ ಎಳೆದು ಕ್ಯಾಬಿನೆಟ್ಟಿನ ಹಿಂದೆ ಟಾರ್ಚ್ ಬಿಟ್ಟ. ಮೇಲೆ ಬೋರ್ಡಿನ ಮೂರು ಜಾಕ್: ನೀಲಿ, ಹಸಿರು, ಗುಲಾಬಿ. ಕೆಳಗೆ ಸ್ಲಾಟಿನ ಹತ್ತಿರ ಕಾರ್ಡಿನ ಜಾಕ್‌ಗಳು. ಡೆಕ್ಕಿನ ವೈರ್ ಬೋರ್ಡಿನ ನೀಲಿ ಜಾಕಿನಲ್ಲಿತ್ತು. ಕಾರ್ಡಿನ ತಗಡಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕೂಡ ನಿಮ್ಮ ಹುಡುಗ ಕಿತ್ತಿರಲಿಲ್ಲ. ವಿಂಡೋಸ್ ಸೆಟ್ಟಿಂಗ್ ತೆಗೆದು ನೋಡಿದರೆ ರೆಕಾರ್ಡಿಂಗಿಗೆ ಆರಿಸಿದ್ದೂ ಬೋರ್ಡಿನದನ್ನೇ. ಅಂದರೆ 3,650 ರೂಪಾಯಿಯ ಕಾರ್ಡ್ ನಮ್ಮ ಮನೆಗೆ ಬಂದ ನೆಂಟನ ಹಾಗೆ ಸುಮ್ಮನೆ ಕೂತಿತ್ತು. ಯಾವ ಗಲಾಟೆ ಬೇಡ ಅಂತ ದುಡ್ಡು ಕೊಟ್ಟೆನೋ ಅದೇ ಗಲಾಟೆಯನ್ನು 14 ರಾತ್ರಿ ಕೂತು ರೆಕಾರ್ಡ್ ಮಾಡಿಕೊಂಡಿದ್ದೇನೆ. ಅಕ್ಕನ ಮಗ ಪಿನ್ ಬದಲಿಸಿದ, ಸೆಟ್ಟಿಂಗ್ ಬದಲಿಸಿದ. ಕಾಫಿ ಆರುವ ಮೊದಲೇ ಜೀರುಂಡೆ ಸತ್ತಿತು. ನನ್ನ ಕಿವಿಯೂ ವಾಸಿಯಾಯಿತು.

13 ಕ್ಯಾಸೆಟ್ ಮತ್ತೆ ಏರಿಸಬಹುದು. ಹದಿನಾಲ್ಕನೆಯದನ್ನು ಆಗುವುದಿಲ್ಲ. 1991ರದು, ಅವ್ವನ ಸೋಬಾನೆ ಇರುವುದು ಅದರಲ್ಲೇ. ಎರಡನೇ ಸಲ ಹಾಕಿದಾಗ ಡೆಕ್ ಅದನ್ನು ನುಂಗಿಬಿಟ್ಟಿತು. ಟೇಪ್ ಮುದುಡಿ ಹೋಗಿದೆ. ಹಳೇ ಟೇಪ್, ಅದು ನಿಮ್ಮ ತಪ್ಪಲ್ಲ. ಆದರೆ ಈಗ ಉಳಿದಿರುವುದು ಮೊದಲ ಸಲದ್ದು ಮಾತ್ರ, ನಿಮ್ಮ ಜೀರುಂಡೆಯ ಸಮೇತ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ನಿಮಗೆ ಹೊಸದಲ್ಲ ಅಲ್ವಾ? ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕಾರ್ಡಿನಲ್ಲಿ ದೋಷ ಇರಲಿಲ್ಲವಲ್ಲ ಅನ್ನುತ್ತೀರಿ. ಒಪ್ಪಿದೆ, ದೋಷ ಕೆಲಸದಲ್ಲಿತ್ತು. ಸೇವಾ ನ್ಯೂನತೆಗೂ ಅದೇ ಕಾಯ್ದೆಯಲ್ಲಿ ಜಾಗವಿದೆ.

15 ದಿನದೊಳಗೆ ಲಿಖಿತ ಕ್ಷಮಾಪಣೆ ಬೇಕು, ಕಾರ್ಡಿನ ದುಡ್ಡು ಬೇಕು. ಇಲ್ಲವಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕ ಇಲ್ಲ. ವಕೀಲರೂ ಬೇಕಾಗಿಲ್ಲ, ನಾನೇ ವಾದ ಮಾಡಬಹುದು. ಮೂವತ್ತು ವರ್ಷ ಕಾಲ, ಹಿಂದಿನ ಬೆಂಚಿಗೂ ಕೇಳುವ ಹಾಗೆ ಪಾಠ ಮಾಡಿದವನು. ಟೈಮಂತೂ ಬೇಕಾದಷ್ಟಿದೆ. ಆ ದಿನ ಹೆಡ್‌ಫೋನ್ ನಾನೇ ತರುತ್ತೇನೆ. ನಿಮ್ಮ ಕೌಂಟರಿನವರು ಎರಡೂ ಕಿವಿಗೆ ಹಾಕಿಕೊಳ್ಳಬೇಕು, ಅಷ್ಟೇ.

ಇಂತಿ,
ನಿಮ್ಮ ಗ್ರಾಹಕ (ಫೆಬ್ರವರಿ 21ರವರೆಗೆ)

ಲಗತ್ತು: ಬಿಲ್ಲಿನ ಎರಡೂ ಬದಿಯ ನಕಲು. ಜೀರುಂಡೆ ಇರುವ ಮತ್ತು ಇಲ್ಲದ ರೆಕಾರ್ಡಿಂಗ್ ಒಂದೊಂದು, ಪೆನ್ ಡ್ರೈವಿನಲ್ಲಿ (ಪೆನ್ ಡ್ರೈವ್ ವಾಪಸ್ ಬೇಕು). ಮಾರ್ಚ್ 3ರಂದು ಮಾಡಿಸಿದ ನನ್ನ ಕಿವಿ ಪರೀಕ್ಷೆಯ ವರದಿ: ಎರಡೂ ಕಿವಿ ಸರಿ ಇವೆ.