ಒಂದು ಗೋಲಿನ ಅಂತರ: ಕ್ಯಾಂಪಿಗೆ ಹೊರಟ ಅಳಿಯನಿಗೆ

ಚಿ. ಕಿರಣನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ರಾಜ್ಯದ ಕಿರಿಯರ ಫುಟ್‌ಬಾಲ್ ತಂಡದ ಕ್ಯಾಂಪಿಗೆ ನಿನ್ನ ಹೆಸರು ಬಂದಿದೆಯೆಂದು ಅಕ್ಕ ಫೋನ್ ಮಾಡಿ ಹೇಳಿದಳು. ಬಹಳ ಸಂತೋಷವಾಯಿತು. ‘ಇನ್ನೇನಿದ್ದರೂ ಅಂಡರ್-17 ಇಂಡಿಯಾ ಟೀಮೇ ಮಾವ’ ಎಂದು ನೀನು ಹಿಂದಿನಿಂದ ಕೂಗಿದ್ದೂ ಕೇಳಿಸಿತು. ಆ ಅಂಗಿ ತೊಡಬೇಕೆನ್ನುವವನಿಗೆ ಆ ತಂಡ ಎಲ್ಲಿ ಗೆದ್ದಿತು, ಎಲ್ಲಿ ಎಡವಿತು, ಯಾವ ನಿಮಿಷದಲ್ಲಿ ಎಡವಿತು ಎಂಬುದು ಗೊತ್ತಿರಬೇಕು. ಅದಕ್ಕೇ ಈ ಕಾಗದ. ಸ್ವಲ್ಪ ಉದ್ದವಾದೀತು, ಪೂರ್ತಿ ಓದು.

ಮೊದಲು ಗೆದ್ದ ಕಪ್‌ಗಳ ವಿಷಯ ಮುಗಿಸಿಬಿಡುತ್ತೇನೆ. ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯನ್ನು ನಮ್ಮ ಹುಡುಗರು 2013, 2017, 2019, 2022, 2023, 2024, 2025ರಲ್ಲಿ ಗೆದ್ದಿದ್ದಾರೆ. 2019ರಲ್ಲಿ ಕಲ್ಯಾಣಿಯಲ್ಲಿ ನಡೆದ ಫೈನಲಿನಲ್ಲಿ ನೇಪಾಳಕ್ಕೆ ಏಳು ಗೋಲು ಹೊಡೆದರು. ನೋಡಲು ಚೆನ್ನ. ಆದರೆ ಆ ಪಟ್ಟಿ ನೋಡಿ ತಂಡವನ್ನು ಅಳೆಯಬೇಡ. 2025ರ ಕೊಲಂಬೊ ಫೈನಲಿನಲ್ಲಿ ಬಾಂಗ್ಲಾದೇಶದ ಜೊತೆ 2-2 ಸಮವಾಗಿ ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಗೆಲ್ಲಬೇಕಾಯಿತು ಎಂಬುದನ್ನೂ ನೆನಪಿಡು. ನಿಜವಾದ ಒರೆಗಲ್ಲು ಇದೇ ವಯೋಮಿತಿಯ ಏಷ್ಯನ್ ಕಪ್. ಕೊರಿಯಾ, ಜಪಾನ್, ಇರಾನ್, ಉಜ್ಬೇಕಿಸ್ತಾನ ಎದುರು ನಿಂತಾಗ ಮಾತ್ರ ನಮ್ಮ ಆಟದ ತೂಕ ತಿಳಿಯುತ್ತದೆ.

ಆ ಟೂರ್ನಿಯಲ್ಲಿ ನಾವು ಎಂಟರ ಘಟ್ಟ ಮುಟ್ಟಿದ್ದು 2002ರಲ್ಲಿ, ಯುಎಇಯಲ್ಲಿ. ದಕ್ಷಿಣ ಕೊರಿಯಾಕ್ಕೆ 1-3ರಿಂದ ಸೋತರು. ಮತ್ತೆ ಅಲ್ಲಿಗೆ ಹೋಗಲು ಹದಿನಾರು ವರ್ಷ ಬೇಕಾಯಿತು. 2018ರಲ್ಲಿ ಮಲೇಷ್ಯಾಕ್ಕೆ ಬಿಬಿಯಾನೊ ಫರ್ನಾಂಡಿಸ್ ತರಬೇತಿಯ ತಂಡ ಹೋಗಿತ್ತು. ಇದರ ಅಂಕಿಗಳನ್ನು ನೀನು ಬಾಯಿಪಾಠ ಮಾಡಬೇಕು ಎನ್ನುತ್ತೇನೆ. ವಿಯೆಟ್ನಾಂ ವಿರುದ್ಧ 1-0. ಇರಾನ್ ವಿರುದ್ಧ 0-0, ಅದರಲ್ಲಿ ಗೋಲಿ ನೀರಜ್ ಕುಮಾರ್ ಒಂದು ಪೆನಾಲ್ಟಿ ಹಿಡಿದ. ಇಂಡೋನೇಷ್ಯಾ ವಿರುದ್ಧ 0-0. ಎಂಟರ ಘಟ್ಟದಲ್ಲಿ ಮತ್ತದೇ ಕೊರಿಯಾ. 68ನೇ ನಿಮಿಷದಲ್ಲಿ ಒಂದು ಗೋಲು ಬಿಟ್ಟು 0-1. ನಾಲ್ಕು ಪಂದ್ಯಗಳಲ್ಲಿ ಬಿಟ್ಟದ್ದು ಒಂದೇ ಗೋಲು, ಹೊಡೆದದ್ದೂ ಒಂದೇ. ಆ ಒಂದೂ ವಿಕ್ರಮ್ ಪ್ರತಾಪ್ ಸಿಂಗ್ ಹೊಡೆದ ಪೆನಾಲ್ಟಿ. ಕೊರಿಯಾವನ್ನು ಗೆದ್ದಿದ್ದರೆ ನಾಲ್ಕರ ಘಟ್ಟ, ಅಲ್ಲಿಂದ ನೇರ 2019ರ ಅಂಡರ್-17 ವಿಶ್ವಕಪ್. 2017ರಂತೆ ಆತಿಥೇಯರಾಗಿ ಸಿಕ್ಕ ಸೀಟಲ್ಲ, ಆಡಿ ಗಳಿಸಿದ ಸೀಟು ಆಗುತ್ತಿತ್ತು. ಒಂದು ಗೆಲುವಿನ ದೂರದಲ್ಲಿ ತಪ್ಪಿತು.

ಈಗ ನಿಯಮ ಬದಲಾಗಿದೆ, ಇದು ನಿನ್ನ ವಯಸ್ಸಿನವರ ಅದೃಷ್ಟ. 2025ರಿಂದ ಅಂಡರ್-17 ವಿಶ್ವಕಪ್ ಪ್ರತಿವರ್ಷ ನಡೆಯುತ್ತದೆ, 48 ತಂಡಗಳು. ಏಷ್ಯನ್ ಕಪ್‌ನಲ್ಲಿ ಹದಿನಾರು ತಂಡ, ನಾಲ್ಕು ಗುಂಪು, ಪ್ರತಿ ಗುಂಪಿನ ಮೊದಲೆರಡು ತಂಡಗಳಿಗೆ ವಿಶ್ವಕಪ್ ಟಿಕೆಟ್. 2018ರ ನಮ್ಮ ತಂಡ ಗುಂಪಿನಲ್ಲಿ ಎರಡನೆಯದಾಗಿತ್ತು. ಈಗಿನ ಲೆಕ್ಕದಲ್ಲಿ ಆ ಹುಡುಗರು ವಿಶ್ವಕಪ್ ಆಡುತ್ತಿದ್ದರು. ಇದನ್ನು ಯೋಚಿಸಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಲಾಭವೂ ಇದೆ. ಮೊದಲು ಎರಡು ವರ್ಷಕ್ಕೊಂದು ಟೂರ್ನಿ ಇದ್ದಾಗ 2000, 2002ರಂಥ ವರ್ಷಗಳಲ್ಲಿ ಹುಟ್ಟಿದವರಿಗೇ ಅನುಕೂಲ. ನಡುವಿನ ವರ್ಷದಲ್ಲಿ ಹುಟ್ಟಿದವನು ತನಗಿಂತ ಒಂದು ವರ್ಷ ದೊಡ್ಡವರ ಜೊತೆ ಜಾಗಕ್ಕಾಗಿ ಗುದ್ದಾಡಬೇಕಿತ್ತು. ಈಗ ಪ್ರತಿ ಹುಟ್ಟುವರ್ಷಕ್ಕೂ ಅದರದೇ ಟೂರ್ನಿ. ನೀನು 2010ರ ನವೆಂಬರಿನವನು, ನಿನ್ನ ಸರದಿ 2027. ಅದೇ ವರ್ಷ ಜನವರಿಯಲ್ಲಿ ಹುಟ್ಟಿದ ಹುಡುಗ ನಿನಗಿಂತ ಹತ್ತು ತಿಂಗಳು ದೊಡ್ಡವನು. ಈ ವಯಸ್ಸಿನಲ್ಲಿ ಹತ್ತು ತಿಂಗಳೆಂದರೆ ಭುಜದ ಅಗಲದಲ್ಲೇ ಎದ್ದು ಕಾಣುವ ವ್ಯತ್ಯಾಸ. ಟ್ರಯಲ್‌ನಲ್ಲಿ ಅವನ ಜೊತೆ ಮೈಬಲದ ಪಂಥಕ್ಕೆ ಬೀಳಬೇಡ. ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಎರಡು ಸಲ ಹಿಂದಕ್ಕೆ ನೋಡು, ಮೊದಲ ಟಚ್ಚಿನಲ್ಲೇ ಅವನಿಂದ ಆಚೆಗೆ ತಿರುಗು. ಆಯ್ಕೆಗಾರರಲ್ಲಿ ಬಲ್ಲವರು ನೋಡುವುದು ಅದನ್ನೇ.

ಈಗ 2017ರ ಅಂಡರ್-17 ವಿಶ್ವಕಪ್‌ಗೆ ಬರೋಣ. ಭಾರತ ಫಿಫಾ ವಿಶ್ವಕಪ್ ಅಂಗಳದಲ್ಲಿ ಕಾಲಿಟ್ಟ ಮೊದಲ ಸಲ ಅದು, ದೆಹಲಿಯ ನೆಹರೂ ಸ್ಟೇಡಿಯಂನಲ್ಲಿ. ಪೋರ್ಚುಗಲ್‌ನ ಲೂಯಿಸ್ ನಾರ್ಟನ್ ಡಿ ಮಾಟೋಸ್ ತರಬೇತುದಾರರು. ಅಮೆರಿಕಕ್ಕೆ 0-3, ಕೊಲಂಬಿಯಾಕ್ಕೆ 1-2, ಘಾನಾಕ್ಕೆ 0-4. ಅಂಕಪಟ್ಟಿ ನೋಡಿದವರು ‘ಮೂರೂ ಸೋತರು’ ಎಂದು ಮಡಚಿಡುತ್ತಾರೆ. ನೀನು ನಿಮಿಷಗಳನ್ನು ನೋಡು. ಕೊಲಂಬಿಯಾ ಪಂದ್ಯದಲ್ಲಿ 82ನೇ ನಿಮಿಷಕ್ಕೆ ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಕಾರ್ನರ್ ಎತ್ತಿಕೊಟ್ಟ, ಮಣಿಪುರದ ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದ. ವಿಶ್ವಕಪ್‌ನಲ್ಲಿ ಭಾರತದ ಮೊದಲ ಗೋಲು. 1-1. ಸ್ಟೇಡಿಯಂ ಎದ್ದು ಕುಣಿಯಿತು. 83ನೇ ನಿಮಿಷಕ್ಕೆ ಕೊಲಂಬಿಯಾದ ಪೆನಾಲೋಸಾ ತನ್ನ ಎರಡನೇ ಗೋಲು ಹೊಡೆದ. ಘಾನಾ ಪಂದ್ಯದಲ್ಲೂ ಅಷ್ಟೇ: 86ಕ್ಕೆ ಒಂದು, 87ಕ್ಕೆ ಇನ್ನೊಂದು. ಗೋಲಿ ಧೀರಜ್ ಸಿಂಗ್ ಅಷ್ಟು ಚೆನ್ನಾಗಿ ಆಡಿಯೂ ತಡೆಯಲಾಗಲಿಲ್ಲ.

ಗೋಲಾದ ಮೇಲಿನ ಆ ಒಂದೆರಡು ನಿಮಿಷ ಏಕೆ ಕೈಕೊಡುತ್ತದೆ ಎಂದರೆ, ಓಡಿ ಕುಣಿದು ಬಂದವನ ಉಸಿರು ಇನ್ನೂ ಕೂಡಿರುವುದಿಲ್ಲ. ಗೋಲು ಹೊಡೆದ ಉತ್ಸಾಹದಲ್ಲಿ ಮಿಡ್‌ಫೀಲ್ಡ್ ಹತ್ತು ಹೆಜ್ಜೆ ಮುಂದೆ ಹೋಗಿರುತ್ತದೆ, ಡಿಫೆನ್ಸ್ ಸಾಲು ಹಿಂದೆಯೇ ಉಳಿದಿರುತ್ತದೆ. ನಡುವೆ ಇಪ್ಪತ್ತೈದು ಮೀಟರ್ ಖಾಲಿ ಬಯಲು. ಎದುರಾಳಿಗೆ ಬೇಕಾದ್ದು ಅದೇ. ಗೋಲು ಬಿಟ್ಟುಕೊಟ್ಟ ತಂಡಕ್ಕೂ ಇದೇ ಗತಿ, ಅಲ್ಲಿ ಉತ್ಸಾಹದ ಬದಲು ತಲೆ ತಗ್ಗಿರುತ್ತದೆ ಅಷ್ಟೇ. ನೀನು ಡಿಫೆನ್ಸಿನ ಮುಂದೆ ಆಡುವವನು. ಆದ್ದರಿಂದ ಈ ಕೆಲಸ ನಿನ್ನದು. ಗೋಲಾದೊಡನೆ ಕುಣಿಯುವವರ ಗುಂಪಿಗೆ ಹೋಗು, ಆದರೆ ಅಲ್ಲಿಂದ ಮೊದಲು ವಾಪಸಾಗುವವನು ನೀನಾಗು. ಕಿಕ್-ಆಫ್ ಆಗುವಾಗ ನಿನಗೂ ಸೆಂಟರ್ ಬ್ಯಾಕ್‌ಗಳಿಗೂ ಹತ್ತು ಹನ್ನೆರಡು ಮೀಟರಿಗಿಂತ ಹೆಚ್ಚು ದೂರವಿರಬಾರದು. ಎರಡೂ ವಿಂಗ್ ಬ್ಯಾಕ್‌ಗಳಿಗೆ ಹೆಸರು ಹಿಡಿದು ಕೂಗಿ ಹೇಳು, ಐದು ನಿಮಿಷ ಯಾರೂ ಮೇಲೆ ಓಡಕೂಡದು. ಸಿಕ್ಕ ಮೊದಲ ಚೆಂಡನ್ನು ನಡುಮೈದಾನದಲ್ಲಿ ಚಂದ ಮಾಡಲು ಹೋಗದೆ ಎದುರಾಳಿಯ ಮೂಲೆಗೆ ಉದ್ದಕ್ಕೆ ಕಳಿಸು. ಕ್ಯಾಂಪಿನ ಅಭ್ಯಾಸ ಪಂದ್ಯಗಳಲ್ಲೇ ಇದನ್ನು ರೂಢಿ ಮಾಡಿಕೋ. ದೊಡ್ಡ ಪಂದ್ಯದ ದಿನ ನೆನಪು ಮಾಡಿಕೊಂಡು ಮಾಡಲಾಗುವುದಿಲ್ಲ, ಕಾಲಿಗೆ ಅಭ್ಯಾಸವಾಗಿರಬೇಕು.

ನೀನು ಗಮನಿಸಿದೆಯೋ ಇಲ್ಲವೋ, 2017ರ ಒಂದು ಗೋಲು ಕಾರ್ನರಿನಿಂದ, 2018ರ ಒಂದು ಗೋಲು ಪೆನಾಲ್ಟಿಯಿಂದ. ಎರಡೂ ನಿಂತ ಚೆಂಡು. ಬಲಿಷ್ಠರ ಎದುರು ಆಟದ ಓಟದಲ್ಲಿ ಗೋಲು ಹೊಡೆಯುವ ಅವಕಾಶ ನಮಗೆ ಪಂದ್ಯಕ್ಕೆ ಎರಡೋ ಮೂರೋ ಸಿಕ್ಕರೆ ಹೆಚ್ಚು. ನಿಂತ ಚೆಂಡನ್ನು ಯಾರೂ ನಮ್ಮಿಂದ ಕಿತ್ತುಕೊಳ್ಳಲಾರರು. ಅದಕ್ಕೇ ಹೇಳುತ್ತೇನೆ, ಅಭ್ಯಾಸ ಮುಗಿದ ಮೇಲೆ ಕಾಲು ದಣಿದಿರುವಾಗಲೇ ಇಪ್ಪತ್ತು ಕಾರ್ನರ್ ಹೊಡಿ, ಹತ್ತು ಎಡದಿಂದ, ಹತ್ತು ಬಲದಿಂದ. ಹುಡುಗರು ಮಾಡುವ ದೊಡ್ಡ ತಪ್ಪು, ಚೆಂಡು ಹತ್ತಿರದ ಕಂಬದ ಬಳಿ ನಿಂತ ಮೊದಲ ಡಿಫೆಂಡರನ ತಲೆಯನ್ನೇ ದಾಟುವುದಿಲ್ಲ. ಮೈ ಹಿಂದಕ್ಕೆ ವಾಲಿದರೆ ಚೆಂಡು ಗಾಳಿಯಲ್ಲಿ ತೇಲಿ ಗೋಲಿಯ ಕೈಗೆ ಹೋಗುತ್ತದೆ, ಮೈ ತೀರಾ ಮುಂದಕ್ಕೆ ಬಗ್ಗಿದರೆ ನೆಲಕ್ಕೆ ಹತ್ತಿ ಹೋಗುತ್ತದೆ. ಊರುವ ಪಾದ ಚೆಂಡಿನ ಪಕ್ಕದಲ್ಲೇ ಬೀಳಬೇಕು, ಹೊಡೆತ ಚೆಂಡಿನ ಕೆಳ ಅರ್ಧಕ್ಕೆ. ಗುರಿ, ಪೆನಾಲ್ಟಿ ಚುಕ್ಕೆಗೂ ಗೋಲಿನ ಮುಂದಿನ ಚಿಕ್ಕ ಚೌಕದ ಗೆರೆಗೂ ನಡುವಿನ ಜಾಗ. ಅಲ್ಲಿಗೆ ಗೋಲಿ ಬರಲೋ ಬೇಡವೋ ಎಂದು ಅನುಮಾನಿಸುತ್ತಾನೆ. ಕಾರ್ನರ್ ನೀನು ಹೊಡೆಯದಿದ್ದಾಗ ದೊಡ್ಡ ಚೌಕದ ಹೊರಗೆ ನಿಲ್ಲು. ತೆರವಾಗಿ ಬರುವ ಚೆಂಡು ನಿನ್ನದು. ಎದುರಾಳಿ ಎಷ್ಟು ಜನರನ್ನು ಮುಂದೆ ಬಿಟ್ಟಿದ್ದಾನೋ ಅದಕ್ಕಿಂತ ಒಬ್ಬ ಹೆಚ್ಚು ನಮ್ಮವನು ಹಿಂದೆ ಇದ್ದಾನೆಯೇ ಎಂದು ಎಣಿಸುವ ಕೆಲಸವೂ ನಿನ್ನದೇ.

ಗೋಲು ಹೊಡೆಯುವುದು ಬಂದು ಬಾಗಿಲು ಕಾಯುವುದು ಮರೆತರೂ ಫಲ ಅದೇ. 2016ರ ಏಷ್ಯನ್ ಕಪ್‌ನಲ್ಲಿ, ಗೋವಾದಲ್ಲಿ, ಯುಎಇಗೆ 2-3, ಸೌದಿ ಜೊತೆ 3-3, ಇರಾನ್‌ಗೆ 0-3. 2023ರಲ್ಲಿ ಥಾಯ್ಲೆಂಡಿನಲ್ಲಿ ವಿಯೆಟ್ನಾಂ ಜೊತೆ 1-1, ಉಜ್ಬೇಕಿಸ್ತಾನಕ್ಕೆ 0-1, ಆಮೇಲೆ ಜಪಾನಿಗೆ 4-8. ಆ ಸಲದ ಚಾಂಪಿಯನ್ ಜಪಾನಿಗೆ ನಾಲ್ಕು ಗೋಲು ಹೊಡೆದದ್ದು ಸಣ್ಣ ಮಾತಲ್ಲ. ಎಂಟು ಬಿಟ್ಟದ್ದೂ ಸಣ್ಣ ಮಾತಲ್ಲ. 2018ರ ಹಿಂಬದಿಯೂ 2023ರ ಮುಂಬದಿಯೂ ಒಂದೇ ತಂಡದಲ್ಲಿ ಕೂಡಿದ ದಿನಕ್ಕಾಗಿ ಕಾಯುತ್ತಿದ್ದೇವೆ. ಅದರ ಒಂದು ಮಿಂಚು 2025ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ಕಂಡಿತು. ಏಷ್ಯನ್ ಕಪ್‌ನ ಅರ್ಹತಾ ಸುತ್ತಿನಲ್ಲಿ ಲೆಬನಾನಿಗೆ 0-2 ಸೋತು, ಕೊನೆಯ ಪಂದ್ಯ ಇರಾನ್ ವಿರುದ್ಧ ಗೆಲ್ಲಲೇಬೇಕಾಗಿತ್ತು. ಮೊದಲು ಗೋಲು ಬಿಟ್ಟುಕೊಟ್ಟರು. ಪೆನಾಲ್ಟಿಯಿಂದ ಸಮ ಮಾಡಿ, ಎರಡನೇ ಅವಧಿಯ ಆರಂಭದಲ್ಲೇ ಇನ್ನೊಂದು ಹೊಡೆದು, ಉಳಿದ ಹೊತ್ತು ಕಾಯ್ದುಕೊಂಡರು. 2-1. ಸೌದಿಯ ಏಷ್ಯನ್ ಕಪ್‌ಗೆ ಜಾಗ ಸಿಕ್ಕಿತು. ಆ ಪಂದ್ಯ ಸಿಕ್ಕರೆ ಎರಡನೇ ಅವಧಿಯನ್ನು ಪೂರ್ತಿ ನೋಡು. ಚೆಂಡಿಲ್ಲದವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನಷ್ಟೇ ನೋಡು.

ಕಾಗದಪತ್ರದ ವಿಷಯದಲ್ಲಿ ಒಂದಿಷ್ಟು ಕಟ್ಟುನಿಟ್ಟಾಗಿ ಹೇಳುತ್ತೇನೆ. ದೇಶದೊಳಗಿನ ಟೂರ್ನಿಗಳಲ್ಲಿ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ಲೆಕ್ಕ ಹಾಕುತ್ತಾರೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಎಂಆರ್‌ಐ. ಮಣಿಕಟ್ಟಿನ ಮೂಳೆಯ ತುದಿ ಪೂರ್ತಿ ಬೆಸೆದುಕೊಂಡಿದ್ದರೆ ಹದಿನೇಳು ದಾಟಿದೆ ಎಂದು ಹೊರಗಿಡುತ್ತಾರೆ. ‘ಸರ್ಟಿಫಿಕೇಟಿನಲ್ಲಿ ಒಂದು ವರ್ಷ ಇಳಿಸಿಬಿಡೋಣ’ ಎಂದು ಯಾರಾದರೂ ಹಿತೈಷಿಯಂತೆ ಹೇಳಿದರೆ ಅವರ ಜೊತೆ ಮಾತು ಮುಂದುವರಿಸಲೇಬೇಡ. ಅಲ್ಲಿ ಹಾಳಾಗುವುದು ನಿನ್ನೊಬ್ಬನ ಹೆಸರಲ್ಲ, ನಿಜವಾದ ವಯಸ್ಸಿನ ಇನ್ನೊಬ್ಬ ಹುಡುಗನ ಜಾಗವೂ ಹೋಗುತ್ತದೆ. ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರಿನ ಅಕ್ಷರ, ಇನಿಷಿಯಲ್, ಅಪ್ಪನ ಹೆಸರು ಒಂದೇ ಥರ ಇರಲಿ. ನಮ್ಮ ಕಡೆ ಇನಿಷಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ ಬಂದು ತೊಂದರೆಯಾಗುವುದೇ ಹೆಚ್ಚು. ಅಕ್ಕನಿಗೆ ಹೇಳಿ ಈಗಲೇ ಸರಿಪಡಿಸಿಕೊಳ್ಳಿ, ಕರೆ ಬಂದ ಮೇಲೆ ಓಡಾಡಿದರೆ ಹೊತ್ತು ಸಾಲುವುದಿಲ್ಲ.

ಅದರ ಜೊತೆಗೆ ಹೃದಯದ ಪರೀಕ್ಷೆಗಳಾದ ಇಸಿಜಿ ಮತ್ತು ಎಕೋ, ಎರಡೂ ಮಾಡಿಸು. 2017ರ ತಂಡದ ಡಿಫೆಂಡರ್ ಅನ್ವರ್ ಅಲಿಗೆ ಹೃದಯದ ಸ್ನಾಯು ದಪ್ಪವಾಗುವ ತೊಂದರೆ ಇದೆಯೆಂದು ಗೊತ್ತಾದದ್ದು 2019ರಲ್ಲಿ. ಆಟವೇ ನಿಂತುಹೋಗುವ ಹಂತಕ್ಕೆ ಬಂದು, ಆಮೇಲೆ ತಜ್ಞರ ನಿಗಾದಲ್ಲಿ ಮರಳಿ ಹಿರಿಯರ ತಂಡದವರೆಗೂ ಬಂದ. 2018ರ ಆಗಸ್ಟಿನಲ್ಲಿ ಸ್ಪೇನಿನಲ್ಲಿ ನಮ್ಮ ಅಂಡರ್-20 ಹುಡುಗರು ಹತ್ತೇ ಜನ ಉಳಿದೂ ಅರ್ಜೆಂಟೀನಾದ ಅಂಡರ್-20 ತಂಡವನ್ನು 2-1ರಿಂದ ಸೋಲಿಸಿದರಲ್ಲ, ಆ ಪಂದ್ಯದ ಎರಡನೇ ಗೋಲು ಅವನದೇ.

ಅಂಡರ್-20 ಎಂದೊಡನೆ ನನಗೆ ಚಿಂತೆಯಾಗುವುದು ಅಲ್ಲೇ. 1974ರಲ್ಲಿ ಬ್ಯಾಂಕಾಕಿನಲ್ಲಿ ಶಬ್ಬೀರ್ ಅಲಿ ನಾಯಕತ್ವದ ನಮ್ಮ ಕಿರಿಯರು ಇರಾನ್ ಜೊತೆ 2-2 ಸಮ ಮಾಡಿ ಏಷ್ಯಾದ ಜಂಟಿ ಚಾಂಪಿಯನ್ನರಾಗಿದ್ದರು. ಈಗ ಅದೇ ವಯೋಮಿತಿಯ ಏಷ್ಯನ್ ಕಪ್‌ನಲ್ಲಿ ನಾವು ಕೊನೆಯದಾಗಿ ಆಡಿದ್ದು 2006ರಲ್ಲಿ, ಅದೂ ಆತಿಥೇಯರಾಗಿ. ಹದಿನೇಳರಲ್ಲಿ ಏಷ್ಯಾ ಮುಟ್ಟುವ ಹುಡುಗರು ಹತ್ತೊಂಬತ್ತಕ್ಕೆ ಎಲ್ಲಿ ಕಳೆದುಹೋಗುತ್ತಾರೆ? ಬೆಂಚಿನ ಮೇಲೆ. ದೊಡ್ಡ ಕ್ಲಬ್ ಕರೆದಿತೆಂದು ಸಹಿ ಹಾಕಿ, ವರ್ಷಕ್ಕೆ ಐದು ಪಂದ್ಯ ಆಡಿ, ಉಳಿದದ್ದೆಲ್ಲ ಅಭ್ಯಾಸದಲ್ಲೇ ಕಳೆಯುತ್ತಾರೆ. 2017ರ ತಂಡದವರನ್ನು ಇಂಡಿಯನ್ ಆರೋಸ್ ಎಂಬ ಹೆಸರಿನಲ್ಲಿ ಐ-ಲೀಗ್ ಎಂಬ ರಾಷ್ಟ್ರೀಯ ಕ್ಲಬ್ ಲೀಗಿನಲ್ಲಿ ಆಡಿಸಿದರು. ಬಹಳ ಸಲ ಸೋತರು, ಆದರೆ ವಾರ ವಾರ ಆಡಿದರು. ಸುರೇಶ್ ಸಿಂಗ್ ವಾಂಗ್ಜಮ್ ಅಲ್ಲಿಂದಲೇ ನಮ್ಮ ಬೆಂಗಳೂರು ಎಫ್‌ಸಿಗೆ ಬಂದು ನೆಲೆಯಾದ. ಆ ವ್ಯವಸ್ಥೆ ಈಗಿಲ್ಲ. ನಾಳೆ ನಿನ್ನ ಮುಂದೆ ಎರಡು ಕ್ಲಬ್ಬುಗಳ ಮಾತು ಬಂದರೆ ಹಣಕ್ಕಿಂತ ಮೊದಲು, ವರ್ಷಕ್ಕೆ ಎಷ್ಟು ಪಂದ್ಯ ಆಡಿಸುತ್ತೀರಿ ಎಂದು ಕೇಳು. ಮೂವತ್ತಕ್ಕಿಂತ ಕಡಿಮೆ ಎಂದರೆ ಇನ್ನೊಂದು ಕಡೆ ನೋಡು. ಬೆಂಗಳೂರಿನ ಕೆಳಗಿನ ಡಿವಿಷನ್ ಲೀಗಿನಲ್ಲಿ, ಅಶೋಕನಗರದ ಸ್ಟೇಡಿಯಂನಲ್ಲಿ, ನಿನಗಿಂತ ಹತ್ತು ವರ್ಷ ದೊಡ್ಡವರ ಮೊಣಕೈ ತಿಂದು ಆಡುವುದು ದೊಡ್ಡ ಕ್ಲಬ್ಬಿನ ಜಾಕೆಟ್ ಹಾಕಿಕೊಂಡು ಕೂರುವುದಕ್ಕಿಂತ ಮೇಲು.

ಇದನ್ನು ನಿನ್ನ ತಂಗಿಗೂ ಓದಿ ಹೇಳು. 2022ರ ವಿಶ್ವಕಪ್‌ನಲ್ಲಿ ನಮ್ಮ ಅಂಡರ್-17 ಹುಡುಗಿಯರು ಭುವನೇಶ್ವರದಲ್ಲಿ 0-8, 0-3, 0-5 ಸೋತಾಗ ಜನ ಬಾಯಿಗೆ ಬಂದಂತೆ ಆಡಿದರು. ಮೂರು ವರ್ಷದಲ್ಲಿ ಅದೇ ವಯೋಮಿತಿಯ ಹುಡುಗಿಯರು ಉಜ್ಬೇಕಿಸ್ತಾನವನ್ನು 2-1ರಿಂದ ಸೋಲಿಸಿ, ಅರ್ಹತಾ ಸುತ್ತು ಗೆದ್ದು ಏಷ್ಯನ್ ಕಪ್‌ಗೆ ಹೋದರು. ಅವಳಿಗೂ ಒಂದು ಜೊತೆ ಒಳ್ಳೆಯ ಬೂಟು ಕೊಡಿಸಲು ಅಕ್ಕನಿಗೆ ಹೇಳಿದ್ದೇನೆ.

ಕ್ಯಾಂಪಿಗೆ ಎರಡು ಜೊತೆ ಬೂಟು ಒಯ್ಯಿ. ಒಂದು ಹುಲ್ಲಿಗೆ, ಇನ್ನೊಂದು ಟರ್ಫ್‌ಗೆ. ಹುಲ್ಲಿನ ಉದ್ದ ಸ್ಟಡ್ ಹಾಕಿ ಕೃತಕ ಟರ್ಫ್ ಮೇಲೆ ತಿರುಗಿದರೆ ಪಾದ ಸಿಕ್ಕಿಕೊಂಡು ಮೊಣಕಾಲು ತಿರುಚುತ್ತದೆ. ಹೊಸ ಜೊತೆಯಾದರೆ ಹೋಗುವ ಮುನ್ನ ಹತ್ತು ದಿನವಾದರೂ ಹಾಕಿ ಪಳಗಿಸು. ಹೊರಡುವವರೆಗೂ ರಾತ್ರಿ ಹತ್ತಕ್ಕೆ ಫೋನ್ ಅಪ್ಪನ ಕೈಗೆ ಕೊಡು. ಮೊದಲ ವಾರದ ಅಭ್ಯಾಸ ಪಂದ್ಯಗಳಲ್ಲಿ ಗೋಲಾದ ಮೇಲಿನ ಐದು ನಿಮಿಷ ಏನಾಯಿತೆಂದು ಪ್ರತಿ ಸಲವೂ ಒಂದು ಪುಸ್ತಕದಲ್ಲಿ ಬರೆದಿಡು. ಭಾನುವಾರ ಫೋನ್ ಮಾಡಿದಾಗ ಅದನ್ನು ಓದಿ ಹೇಳು.

ಇಂತಿ ನಿನ್ನ ಪ್ರೀತಿಯ
ಸೋದರಮಾವ