ಎಲ್‌ಎಲ್‌ಆರ್ ಪರೀಕ್ಷೆಗೆ ಹೊರಟ ಶಿಲ್ಪಾಗೆ

ಕಾರಟಗಿ

ಚಿ. ಶಿಲ್ಪಾಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಎಲ್‌ಎಲ್‌ಆರ್‌ಗೆ ಅಂದರೆ ಗಾಡಿ ಕಲಿಯುವವರ ಲೈಸೆನ್ಸಿಗೆ ಅರ್ಜಿ ಹಾಕಿದ್ದೀಯ ಅಂತ ನಿಮ್ಮಪ್ಪ ಫೋನ್ ಮಾಡಿದಾಗ ಹೇಳಿದ. ಬಹಳ ಖುಷಿಯಾಯಿತು. ಮೊಬೈಲಿನಲ್ಲಿ ಪ್ರಶ್ನೋತ್ತರ ಉರು ಹೊಡೆಯುತ್ತಿದ್ದೀಯಂತೆ. ಬೇಡ ಅನ್ನುವುದಿಲ್ಲ. ಆದರೆ ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಉರು ಹೊಡೆದದ್ದು ಕೈಕೊಡುತ್ತದೆ. ರಸ್ತೆಗೆ ಇಳಿದಾಗಲಂತೂ ನೆನಪಿಗೇ ಬರುವುದಿಲ್ಲ.

ಮೊದಲು ರಸ್ತೆ ಬದಿಯ ಫಲಕಗಳ ಆಕಾರ ಗಮನಿಸು. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆಗೆ. ಮುಂದೆ ತಿರುವು, ಶಾಲೆ, ಉಬ್ಬು ಇದೆ ಅಂತ. ದುಂಡಗಿನದು ಅಪ್ಪಣೆ. ಕೆಂಪು ಅಂಚಿದ್ದರೆ ಬಹುತೇಕ 'ಮಾಡಬೇಡ', ಪೂರ್ತಿ ನೀಲಿ ಇದ್ದರೆ 'ಹೀಗೇ ಮಾಡು'. ಆಸ್ಪತ್ರೆ, ಪೆಟ್ರೋಲ್ ಬಂಕ್ ತೋರಿಸುವುದು ನೀಲಿ ಚೌಕ. 'ನಿಲ್ಲಿ' ಫಲಕಕ್ಕೆ ಮಾತ್ರ ಎಂಟು ಮೂಲೆ, 'ದಾರಿ ಕೊಡಿ' ಅನ್ನುವುದು ತಲೆಕೆಳಗಾದ ತ್ರಿಕೋನ. ಧೂಳು ಮೆತ್ತಿ ಅಕ್ಷರ ಕಾಣದಿದ್ದರೂ ಆ ಎರಡನ್ನು ಆಕಾರದಿಂದಲೇ ಹಿಡಿಯಬಹುದು. ಗಂಗಾವತಿ ಬಸ್ಸಿನಲ್ಲಿ ಕಾಲೇಜಿಗೆ ಹೋಗುವಾಗ ಮುಂದಿನ ಸೀಟಿನಲ್ಲಿ ಕೂತು ಒಂದೊಂದನ್ನೇ ಓದುತ್ತಾ ಹೋಗು.

ಓವರ್‌ಟೇಕ್ ಪಾಠವನ್ನು ಜಾಸ್ತಿ ಓದು. ನಮ್ಮ ಕಡೆ ಜೀವ ಹೋಗುವುದೇ ಅಲ್ಲಿ. ಸುಗ್ಗಿಯಲ್ಲಿ ಸಿಂಧನೂರು ರಸ್ತೆ ಹೇಗಿರುತ್ತದೆ, ನೋಡಿದ್ದೀಯಲ್ವಾ? ಅರ್ಧ ರಸ್ತೆಗೆ ಭತ್ತ ಹರಡಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಮುಂದೆ ಹುಲ್ಲು ತುಂಬಿದ ಟ್ರಾಕ್ಟರ್, ಟ್ರೈಲರ್ ಹಿಂದೆ ಕೆಂಪು ದೀಪ ಇರುವುದಿಲ್ಲ. ಬಲಗಡೆಯಿಂದಲೇ ಓವರ್‌ಟೇಕ್ ಮಾಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಮುಂದಿನವನು ಬಲಕ್ಕೆ ತಿರುಗುವ ಸಿಗ್ನಲ್ ಕೊಟ್ಟು ರಸ್ತೆ ಮಧ್ಯಕ್ಕೆ ಸರಿದಿದ್ದರೆ ಮಾತ್ರ ಎಡದಿಂದ ಹೋಗಬಹುದು. ತಿರುವಿನಲ್ಲಿ, ಎದುರಿನ ವಾಹನ ಕಾಣದ ಕಡೆ ಬೇಡವೇ ಬೇಡ. ಟ್ರಾಕ್ಟರ್ ಹಿಂದೆ ಸ್ವಲ್ಪ ಹೊತ್ತು ಕಾದರೆ ಗಂಟೇನೂ ಹೋಗುವುದಿಲ್ಲ ತಾಯಿ.

ಅಪಘಾತದ ಪ್ರಶ್ನೆಗಳೂ ಬರುತ್ತವೆ. ನಿನ್ನ ಗಾಡಿಯಿಂದ ಯಾರಿಗಾದರೂ ಪೆಟ್ಟಾದರೆ ಮೊದಲು ಆಸ್ಪತ್ರೆಗೆ ಸೇರಿಸಬೇಕು, ತಡವಾದರೂ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಬೇರೆಯವರ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ರಕ್ಷಣೆ ಇದೆ. ಹೆಸರು ಹೇಳು ಅಂತ ಅವರನ್ನು ಬಲವಂತ ಮಾಡುವಂತಿಲ್ಲ. ಕೇಸು ಮೈಮೇಲೆ ಬರುತ್ತದೆ ಅಂತ ಜನ ದೂರ ನಿಂತು ನೋಡುವುದನ್ನು ಕಂಡು ನನಗೆ ಬಹಳ ಸಂಕಟವಾಗಿದೆ. ನೀನು ಹಾಗೆ ನಿಲ್ಲಬೇಡ.

ಆರ್‌ಸಿ (ಗಾಡಿಯ ನೋಂದಣಿ ಪತ್ರ), ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಎಲ್ಲಾ ಸರ್ಕಾರದ ಮೊಬೈಲ್ ಆ್ಯಪ್ ಡಿಜಿಲಾಕರ್‌ನಲ್ಲಿ ಇದ್ದರೂ ನಡೆಯುತ್ತದೆ. ಪಾಸ್ ಮಾಡಿಸಿ ಕೊಡುತ್ತೇನೆ ಅನ್ನುವ ಏಜೆಂಟರಿಗೆ ಒಂದು ರೂಪಾಯಿಯೂ ಕೊಡಬೇಡ.

ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ (ಪಕ್ಕಾ ಲೈಸೆನ್ಸ್) ಟೆಸ್ಟ್ ಕೊಡಬಹುದು. ಅಲ್ಲಿಯವರೆಗೆ ಸ್ಕೂಟಿಗೆ ಹಿಂದೆ ಮುಂದೆ ಕೆಂಪು 'ಎಲ್' ಇರಲಿ. ಗೆಳತಿಯರನ್ನು ಹಿಂದೆ ಕೂರಿಸಿಕೊಳ್ಳಬೇಡ, ಕಲಿಸುವವರು ಮಾತ್ರ ಕೂರಬಹುದು. ಭಾನುವಾರ ಬೆಳಿಗ್ಗೆ ಊರಿಗೆ ಬಾ, ನಾನೇ ಹಿಂದೆ ಕೂತು ಕಲಿಸುತ್ತೇನೆ. ಬರುವಾಗ ನಿನ್ನ ಹೆಲ್ಮೆಟ್ ತಾ, ದೊಡ್ಡಮ್ಮನದು ನಿನಗೆ ಸಡಿಲ ಆಗುತ್ತದೆ.

ನಿನ್ನ ದೊಡ್ಡಪ್ಪ