ಪಕ್ಕದ ದೇಶದ ಟಿಕೆಟ್ ಇನ್ನು ವೀಸಾ ಪುಟ ನೋಡಿದ ಮೇಲೆಯೇ

ಬಿ.ಎಚ್. ರಸ್ತೆ, ತುಮಕೂರು

ಮಾನ್ಯ ಗ್ರಾಹಕರೇ,

ನಮಸ್ಕಾರ. ಮಗಳು ಜರ್ಮನಿಯಲ್ಲಿದ್ದಾಳೆ, ಮಗ ಲಂಡನ್ನಿನಲ್ಲಿದ್ದಾನೆ, ಅಷ್ಟು ದೂರ ಹೋದ ಮೇಲೆ ಪಕ್ಕದ ಒಂದೆರಡು ದೇಶವನ್ನೂ ನೋಡಿಕೊಂಡೇ ಬರೋಣ ಎನ್ನುವವರು ನಮ್ಮಲ್ಲಿ ಬಹಳ. ಇದುವರೆಗೆ ಮುಖ್ಯ ಟಿಕೆಟ್ಟಿನ ಜೊತೆಗೇ ಪಕ್ಕದ ದೇಶದ ವಿಮಾನ, ಹೋಟೆಲ್ ಎಲ್ಲವನ್ನೂ ಒಟ್ಟಿಗೆ ಬುಕ್ ಮಾಡಿಕೊಡುತ್ತಿದ್ದೆವು. ಏಪ್ರಿಲ್ 1ರಿಂದ ಹಾಗೆ ಮಾಡುವುದಿಲ್ಲ. ವೀಸಾ ಅಂಟಿಸಿದ ಪಾಸ್‌ಪೋರ್ಟ್ ನಿಮ್ಮ ಕೈಗೆ ಬಂದು, ಆ ಪುಟವನ್ನು ನಾವು ಓದಿದ ಮೇಲೆಯೇ ಪಕ್ಕದ ದೇಶದ ಬುಕಿಂಗಿಗೆ ದುಡ್ಡು ತೆಗೆದುಕೊಳ್ಳುತ್ತೇವೆ. ಸೇವಾಶುಲ್ಕದಲ್ಲಿ ಬದಲಾವಣೆ ಇಲ್ಲ.

ಯಾಕೆಂದರೆ ಕೇಳಿದ ವೀಸಾವೇ ಸಿಗುತ್ತದೆ ಎಂದಿಲ್ಲ. ಮಲ್ಟಿಪಲ್ ಎಂಟ್ರಿ (ಎಷ್ಟು ಸಲ ಬೇಕಾದರೂ ಒಳಗೆ ಹೋಗಬಹುದಾದ ವೀಸಾ) ಕೇಳಿದವರಿಗೆ ಸಿಂಗಲ್ (ಒಂದೇ ಸಲದ್ದು) ಬರುತ್ತದೆ, ಇಪ್ಪತ್ತು ದಿನ ಕೇಳಿದವರಿಗೆ ಹದಿನೈದು ಬರುತ್ತದೆ. ಅಷ್ಟರಲ್ಲಿ ಯುರೋಪಿನೊಳಗಿನ ಅಗ್ಗದ ಟಿಕೆಟ್ ತೆಗೆದಾಗಿರುತ್ತದೆ. ಅವುಗಳಲ್ಲಿ ಬಹುಪಾಲಿಗೆ ರೀಫಂಡ್ ಇಲ್ಲ.

ಒಂದು ದೇಶದ ವೀಸಾ ಪಕ್ಕದ ದೇಶದಲ್ಲಿ ನಡೆಯುವುದು ಎರಡು ಬಗೆಯಲ್ಲಿ. ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಹೆಚ್ಚಿನ ಫಜೀತಿ. ಮೊದಲನೆಯದು ಶೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ 29 ದೇಶಗಳ ಕೂಟ. ಅದೊಂದು ವಠಾರ ಇದ್ದಹಾಗೆ: ಮನೆ 29, ಬೀದಿಬಾಗಿಲು ಒಂದೇ. ಒಮ್ಮೆ ಒಳಗೆ ಹೋದಿರೆಂದರೆ ಪ್ಯಾರಿಸ್‌ನಿಂದ ರೋಮ್‌ಗೆ, ಅಲ್ಲಿಂದ ಜ್ಯೂರಿಕ್‌ಗೆ ಹೋಗಲು ಬೇರೆ ವೀಸಾ ಬೇಡ. ಕ್ರೊಯೇಷಿಯಾ 2023ರಲ್ಲಿ ಸೇರಿತು; ರೊಮೇನಿಯಾ, ಬಲ್ಗೇರಿಯಾ 2025ರ ಜನವರಿ 1ರಿಂದ ಪೂರ್ತಿ ಒಳಗಿವೆ. ಬ್ರಿಟನ್, ಐರ್ಲೆಂಡ್, ಸೈಪ್ರಸ್, ಸರ್ಬಿಯಾ, ಅಲ್ಬೇನಿಯಾ, ಟರ್ಕಿ ಈ ವಠಾರದ ಹೊರಗೆ.

ಎರಡನೆಯದು, ಹೊರಗಿನ ದೇಶವೊಂದು "ಅವರು ನಿಮಗೆ ವೀಸಾ ಕೊಟ್ಟಿದ್ದಾರಲ್ಲ, ಹಾಗಾದರೆ ನಮ್ಮಲ್ಲಿಗೂ ಬನ್ನಿ" ಎನ್ನುವುದು. ಸರ್ಬಿಯಾ ಹೀಗೆ ಶೆಂಗೆನ್, ಬ್ರಿಟನ್, ಅಮೆರಿಕ ವೀಸಾ ಇದ್ದವರನ್ನು 90 ದಿನದವರೆಗೆ ಬಿಡುತ್ತದೆ. ಅಲ್ಬೇನಿಯಾ ಕೂಡ ಬಿಡುತ್ತದೆ, ಆದರೆ ವೀಸಾ ಮಲ್ಟಿಪಲ್ ಇರಬೇಕು, ಅದನ್ನು ಒಮ್ಮೆಯಾದರೂ ಬಳಸಿರಬೇಕು. ಟರ್ಕಿಯ ಇ-ವೀಸಾಕ್ಕೆ ಆಧಾರವಾಗಿ ತೋರಿಸುವ ಶೆಂಗೆನ್ ವೀಸಾ ನೀವು ಅಲ್ಲಿ ಇಳಿಯುವ ದಿನ ಚಾಲ್ತಿಯಲ್ಲಿರಬೇಕು. ಶೆಂಗೆನ್ ವೀಸಾ ಮೇ 10ಕ್ಕೆ ಶುರುವಾಗುವುದಿದ್ದು, ನೀವು ಮೇ 7ಕ್ಕೇ ಇಸ್ತಾನ್‌ಬುಲ್‌ನಲ್ಲಿ ಇಳಿದರೆ ಆ ಸ್ಟಿಕ್ಕರ್ ಇದ್ದೂ ಇಲ್ಲದಂತೆ.

ಇಲ್ಲಿ ಎಲ್ಲರೂ ಮರೆಯುವ ಮಾತೊಂದಿದೆ. ಪಕ್ಕದ ದೇಶ ಒಳಗೆ ಬಿಡುತ್ತದೆಯೇ ಎಂದು ವಿಚಾರಿಸುತ್ತಾರೆ, ಅಲ್ಲಿಂದ ವಾಪಸ್ ಹೇಗೆ ಎಂದು ವಿಚಾರಿಸುವುದಿಲ್ಲ. ಶೆಂಗೆನ್ ಒಳಗಿನ ವಿಯೆನ್ನಾದಿಂದ ಸರ್ಬಿಯಾದ ಬೆಲ್‌ಗ್ರೇಡ್‌ಗೆ ಎರಡು ದಿನ ಹೋಗಿಬರೋಣ ಎಂದು ಹೊರಟಿರಿ ಅನ್ನಿ. ವಿಯೆನ್ನಾ ಬಿಟ್ಟ ಕ್ಷಣಕ್ಕೆ ಸಿಂಗಲ್ ಎಂಟ್ರಿ ಖರ್ಚಾಯಿತು. ಬೆಂಗಳೂರಿನ ವಿಮಾನ ವಿಯೆನ್ನಾದಿಂದ, ನೀವು ಬೆಲ್‌ಗ್ರೇಡ್‌ನಲ್ಲಿ. ವೀಸಾದ ತಾರೀಖು ಇನ್ನೂ ಹತ್ತು ದಿನ ಬಾಕಿ ಇದ್ದರೂ ಒಳಗೆ ಬಿಡುವುದಿಲ್ಲ. ಅಂಡೋರಾ ಇನ್ನೂ ವಿಚಿತ್ರ: ಅದಕ್ಕೆ ಪ್ರತ್ಯೇಕ ವೀಸಾ ಬೇಡ, ವಿಮಾನ ನಿಲ್ದಾಣವೂ ಇಲ್ಲ, ಫ್ರಾನ್ಸ್ ಇಲ್ಲವೇ ಸ್ಪೇನ್ ಕಡೆಯಿಂದಲೇ ಹೋಗಬೇಕು. ಆದರೆ ಒಳಗೆ ಹೋದರೆ ಶೆಂಗೆನ್‌ನಿಂದ ಹೊರಬಂದ ಲೆಕ್ಕ. ವ್ಯಾಟಿಕನ್, ಮೊನಾಕೊ, ಸ್ಯಾನ್ ಮರೀನೊಗಳಿಗೆ ಈ ತಾಪತ್ರಯ ಇಲ್ಲ.

ಸ್ಟಿಕ್ಕರ್ ಬಂದ ಕೂಡಲೇ ಹೀಗೆ ಓದಿ. 'ವ್ಯಾಲಿಡ್ ಫಾರ್' ಎಂಬಲ್ಲಿ ಶೆಂಗೆನ್ ದೇಶಗಳು ಎಂದಿರಬೇಕು. ಕೊಟ್ಟ ದೇಶದ ಭಾಷೆಯಲ್ಲಿ ಇರುತ್ತದೆ, ಗಾಬರಿ ಬೇಡ. ನಂತರ 'ನಂಬರ್ ಆಫ್ ಎಂಟ್ರೀಸ್': ಅಲ್ಲಿ 01, 02 ಅಥವಾ 'ಮಲ್ಟ್' ಎಂದಿರುತ್ತದೆ. ಪಕ್ಕದಲ್ಲಿ 'ಡ್ಯುರೇಷನ್ ಆಫ್ ಸ್ಟೇ'. ಮೇ 10ರಿಂದ ಜೂನ್ 8ರವರೆಗೆ ಎಂದು ಬರೆದು ಡ್ಯುರೇಷನ್ 15 ದಿನ ಎಂದಿದ್ದರೆ ಇರಲು ಅವಕಾಶ ಹದಿನೈದೇ ದಿನ. ಮಿಕ್ಕಿದ ಹದಿನೈದು, ಪ್ರಯಾಣ ಹಿಂದೆಮುಂದೆ ಆದರೆ ಇರಲಿ ಎಂದು ಕೊಟ್ಟ ರಿಯಾಯಿತಿ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ, ನಡುರಾತ್ರಿಗೆ ಹತ್ತು ನಿಮಿಷ ಮೊದಲು ಇಳಿದರೂ ಸರಿ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಮುಖ, ಬೆರಳಚ್ಚು ತೆಗೆದು ಕಂಪ್ಯೂಟರಿಗೆ ಹಾಕುವ ವ್ಯವಸ್ಥೆ ಶುರುವಾಗಿದೆ. ಸೀಲು ಮಸುಕಾಗಿದೆ ಎಂಬ ಸಬೂಬು ಇನ್ನು ನಡೆಯುವುದಿಲ್ಲ.

ಸಿಂಗಲ್ ಬಂದರೂ ಪ್ರವಾಸ ಕೆಡಬೇಕಿಲ್ಲ. ಹೊರಗಿನ ದೇಶವನ್ನು ಮಧ್ಯಕ್ಕೆ ಹಾಕದೆ ಮೊದಲಿಗೋ ಕೊನೆಗೋ ಹಾಕಿದರಾಯಿತು. ಬ್ರಿಟನ್ ವೀಸಾ ಬೇರೆಯಾಗಿ ಇದ್ದವರು ಲಂಡನ್‌ನಲ್ಲಿ ಇಳಿದು, ಅಲ್ಲಿಂದ ಪ್ಯಾರಿಸ್‌ಗೆ ಹೋಗಿ, ರೋಮ್‌ನಿಂದ ಊರಿಗೆ ಹೊರಟರೆ ಶೆಂಗೆನ್ ಒಂದೇ ಎಂಟ್ರಿ ಸಾಕು. ಪ್ಯಾರಿಸ್, ಲಂಡನ್, ಮತ್ತೆ ರೋಮ್ ಎಂದಿಟ್ಟರೆ ಎರಡು ಬೇಕು. ಆದ್ದರಿಂದಲೇ ಹೋಗಿಬರುವ ಮುಖ್ಯ ಟಿಕೆಟ್ಟನ್ನೂ ವೀಸಾ ಬರುವವರೆಗೆ ಬರೀ ರಿಸರ್ವೇಶನ್ ಆಗಿ ಇಟ್ಟಿರುತ್ತೇವೆ. ಅರ್ಜಿಗೆ ಅಷ್ಟೇ ಸಾಕು.

ಮಲ್ಟಿಪಲ್ ಬೇಕೇ ಬೇಕು ಎನ್ನುವವರು ಅರ್ಜಿಯಲ್ಲಿ ಟಿಕ್ ಹಾಕಿದರೆ ಸಾಲದು. ಕವರಿಂಗ್ ಲೆಟರ್‌ನಲ್ಲಿ ಯಾವ ತಾರೀಖು ಹೊರಗೆ, ಯಾವ ತಾರೀಖು ಮತ್ತೆ ಒಳಗೆ ಎಂದು ಬರೆಯಬೇಕು, ಹೊರಗಿನ ದೇಶದ ವೀಸಾ ಪ್ರತಿ ಮತ್ತು ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್ ಲಗತ್ತಿಸಬೇಕು. ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಇರುವ ದೇಶಕ್ಕೆ. ಮಗಳ ಮನೆ ಮ್ಯೂನಿಕ್‌ನಲ್ಲಿ ನಾಲ್ಕು ದಿನ, ಸ್ವಿಟ್ಜರ್ಲೆಂಡ್ ಆರು ದಿನ ಎಂದರೆ ಅದು ಸ್ವಿಸ್ ಅರ್ಜಿ. ದಿನ ಸಮ ಇದ್ದರೆ ಮೊದಲು ಇಳಿಯುವ ದೇಶ. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಂದು ಬೇರೆ ದೇಶದಲ್ಲಿ ಹಾಕಿಕೊಡಿ ಎಂದರೆ ನಾವು ಹಾಕುವುದಿಲ್ಲ. ದೊಡ್ಡವರಿಗೆ ಶುಲ್ಕ 90 ಯೂರೊ, ವೀಸಾ ನಿರಾಕರಿಸಿದರೂ ಅದು ವಾಪಸ್ ಬರುವುದಿಲ್ಲ. ವಿಮೆ ಕನಿಷ್ಠ 30,000 ಯೂರೊದ್ದು ಇರಲಿ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಮೇ ತಿಂಗಳಿಗೆ ಹೊರಡುವವರು ಯುಗಾದಿವರೆಗೆ ಕಾಯಬೇಡಿ.

ಬ್ರಿಟನ್–ಐರ್ಲೆಂಡ್ ನಡುವೆ ಭಾರತೀಯರಿಗೆ ಪ್ರತ್ಯೇಕ ಏರ್ಪಾಡಿದೆ. ವೀಸಾದ ಮೇಲೆ 'ಬಿಐವಿಎಸ್' (ಬ್ರಿಟಿಷ್–ಐರಿಷ್ ವೀಸಾ ಸ್ಕೀಮ್) ಎಂದಿದ್ದರೆ ಎರಡೂ ಕಡೆ ನಡೆಯುತ್ತದೆ, ಆದರೆ ಮೊದಲು ಇಳಿಯಬೇಕಾದದ್ದು ವೀಸಾ ಕೊಟ್ಟ ದೇಶದಲ್ಲೇ. ಐರ್ಲೆಂಡಿನ ಡಬ್ಲಿನ್‌ನಿಂದ ಬ್ರಿಟನ್ನಿಗೆ ಸೇರಿದ ಬೆಲ್‌ಫಾಸ್ಟ್‌ಗೆ ಹೋಗುವ ಬಸ್ಸನ್ನು ಗಡಿಯಲ್ಲಿ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ, ಹಾಗೆಂದು ಅನುಮತಿ ಬೇಡ ಎಂದಲ್ಲ. ಅಮೆರಿಕ ವೀಸಾದಲ್ಲಿ ಮೆಕ್ಸಿಕೊಗೆ ಹೋಗಬಹುದು. ಕೆನಡಾಕ್ಕೆ ಬೇರೆ ವೀಸಾ ಬೇಕು. ನಯಾಗರದಲ್ಲಿ ಆಚೆ ದಡದ ನೋಟ ಚೆನ್ನ ಎಂದು ರೈನ್‌ಬೋ ಸೇತುವೆ ಹತ್ತುವ ಮೊದಲು ಇದು ನೆನಪಿರಲಿ. ಸಿಂಗಪುರದಿಂದ ಮಲೇಷ್ಯಾದ ಜೊಹೊರ್‌ಗೆ ಹೋಗಿಬರುವವರು ಸಿಂಗಪುರ ವೀಸಾದಲ್ಲಿ ಎಷ್ಟು ಪ್ರವೇಶ ಇದೆ ನೋಡಿ.

ಗಡಿಯವರಿಗಿಂತ ಮೊದಲು ತಡೆಯುವವರು ವಿಮಾನ ಕಂಪನಿಯವರು. ದೇವನಹಳ್ಳಿಯ ಚೆಕ್-ಇನ್ ಕೌಂಟರ್‌ನಲ್ಲೇ ಅವರು ಟೈಮ್ಯಾಟಿಕ್ (ಎಲ್ಲ ದೇಶಗಳ ಪ್ರವೇಶ ನಿಯಮಗಳಿರುವ ಕಂಪ್ಯೂಟರ್ ದಾಖಲೆ) ತೆರೆದು ನಿಯಮ ನೋಡುತ್ತಾರೆ. ದಾಖಲೆ ಸರಿಯಿಲ್ಲದವರನ್ನು ಹತ್ತಿಸಿಕೊಂಡರೆ ದಂಡ ಬೀಳುವುದು ಅವರಿಗೆ. ಅಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಪಾಸ್‌ಪೋರ್ಟ್ ಬಂದ ದಿನವೇ ವೀಸಾ ಪುಟ ಮತ್ತು ವಿಳಾಸದ ಪುಟದ ಫೋಟೊ ಕಳಿಸಿ, ನಾಲ್ಕೂ ಮೂಲೆ ಕಾಣುವಂತೆ, ಫ್ಲ್ಯಾಶ್ ಹಾಕದೆ. ಸ್ಟಿಕ್ಕರ್ ಮಿನುಗುತ್ತದಾದ್ದರಿಂದ ಫ್ಲ್ಯಾಶ್ ಹಾಕಿದರೆ ಎಂಟ್ರಿ ಕಾಲಮ್ಮೇ ಕಾಣುವುದಿಲ್ಲ. ಎರಡು ಕೆಲಸದ ದಿನದೊಳಗೆ ಯಾವ ದೇಶ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಬರಹದಲ್ಲಿ ತಿಳಿಸುತ್ತೇವೆ. ಈಗಾಗಲೇ ಮುಂಗಡ ಕಟ್ಟಿರುವವರ ಬುಕಿಂಗಿಗೆ ಹಳೆಯ ಕ್ರಮವೇ ಅನ್ವಯ. ಅವರೂ ಪುಟದ ಫೋಟೊ ಮಾತ್ರ ತಪ್ಪದೆ ಕಳಿಸಬೇಕು.

ಇಂತಿ,
ಬುಕಿಂಗ್ ವಿಭಾಗ